ಸುಮ್ಮನಿರುವ ಕೋಶಗಳು

ನನ್ನ ಚಿಕ್ಕಪ್ಪನ ಮಗಳು ಇಲ್ಲೇ ಪುಣೆಯ ಒಂದು ಪ್ರಯೋಗಾಲಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಅವಳ ಕೆಲಸ ಶುರುವಾಗುವುದು ಹೆರಿಗೆ ಕೋಣೆಯ ಬಾಗಿಲಲ್ಲಿ. ಮೊದಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ತಾಯಿಗೆ ಹೆರಿಗೆಯಾಯಿತೆಂದು ಆಸ್ಪತ್ರೆಯಿಂದ ಫೋನ್ ಬಂದರೆ, ಹೊತ್ತು ಯಾವುದೇ ಇರಲಿ, ಸ್ಕೂಟಿಯ ಮುಂದೆ ಐಸ್ ಡಬ್ಬಿ ಇಟ್ಟುಕೊಂಡು ಹೋಗಿ ಒಂದು ಗೇಣಿನಷ್ಟು ಹೊಕ್ಕುಳಬಳ್ಳಿ ತರುತ್ತಾಳೆ. ತರದಿದ್ದರೆ ಅದು ಹಳದಿ ಚೀಲ ಸೇರಿ ಸುಡುವ ಭಟ್ಟಿಗೆ ಹೋಗುವಂಥದ್ದು. ನಮ್ಮ ನವಲಗುಂದದ ಕಡೆ ನಮ್ಮಜ್ಜಿ ಮಾಸನ್ನು ಹಿತ್ತಲಲ್ಲಿ ಹೂಳಿ, ನಾಯಿ ಕೆದರದಂತೆ ಮೇಲೆ ಕಲ್ಲು ಹೇರುತ್ತಿದ್ದಳು. ಅದು ಕಂಡಕಂಡಲ್ಲಿ ಎಸೆಯುವ ವಸ್ತು ಅಲ್ಲ ಎನ್ನುವಷ್ಟು ಅಜ್ಜಿಗೆ ಗೊತ್ತಿತ್ತು. ಅದರೊಳಗೆ ಏನಿದೆ ಎಂದು ಮೊಮ್ಮಗಳು ನೋಡುತ್ತಿದ್ದಾಳೆ.

ನನಗೂ ಜೀವಶಾಸ್ತ್ರಕ್ಕೂ ಪಿಯುಸಿಯಲ್ಲೇ ಸಂಬಂಧ ಕಡಿದಿತ್ತು. ಎಂ.ಟೆಕ್. ಮಾಡಿದ್ದು ಕಂಪ್ಯೂಟರಿನಲ್ಲಿ, ಹದಿನೆಂಟು ವರ್ಷದಿಂದ ಹಿಂಜವಡಿಯಲ್ಲಿ ಬೇರೆಯವರ ಪ್ರಾಜೆಕ್ಟುಗಳ ಗಡುವು ಕಾಯುವುದೇ ಕಸುಬು. ಆದರೂ ಹೋದ ಮಳೆಗಾಲದಲ್ಲಿ ಒಂದು ಭಾನುವಾರ ತಂಗಿ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು. "ಅಣ್ಣಾ, ನಿನಗ ಈ ಅಂಕಿಗಳ ಆಟ ಬರ್ತದಲಾ, ಸ್ವಲ್ಪ ಗ್ರಾಫ್ ಮಾಡಿಕೊಡು" ಅಂದಳು. ನನ್ನ ಹೆಂಡತಿ ಮಾಡಿದ ಮಂಡಕ್ಕಿ ಒಗ್ಗರಣೆ ತಿನ್ನುತ್ತ ಇಬ್ಬರೂ ಕೂತೆವು.

ಪ್ರಯೋಗ ಕೇಳಲು ಸರಳ. ಹೊಕ್ಕುಳಬಳ್ಳಿಯೊಳಗೆ ರಕ್ತನಾಳಗಳ ಸುತ್ತ ಲೋಳೆಯಂಥ ಒಂದು ಪದಾರ್ಥ ಇರುತ್ತದೆ. ಮಗು ಎಷ್ಟೇ ಹೊರಳಾಡಿದರೂ ನಾಳ ಮಡಚಿ ರಕ್ತ ನಿಲ್ಲದಂತೆ ಅದು ಕಾಯುತ್ತದೆ. 1656ರಲ್ಲಿ ಥಾಮಸ್ ವಾರ್ಟನ್ ಎಂಬ ಇಂಗ್ಲಿಷ್ ವೈದ್ಯ ಅದನ್ನು ವಿವರಿಸಿದ್ದರಿಂದ ಇವತ್ತಿಗೂ ಅದರ ಹೆಸರು ವಾರ್ಟನ್ಸ್ ಜೆಲ್ಲಿ. ಆ ಜೆಲ್ಲಿಯಲ್ಲಿ ಆಕರಕೋಶಗಳಿವೆ. (ಪತ್ರಿಕೆಗಳು 'ಕಾಂಡಕೋಶ' ಎಂದು ಬರೆಯುತ್ತವೆ. ಮರದ ಕಾಂಡಕ್ಕೂ ಇದಕ್ಕೂ ಏನು ಸಂಬಂಧವೋ ನನಗೆ ತಿಳಿಯದು. ಆಕರ ಎಂದರೆ ಗಣಿ, ಮೂಲ, ಅದೇ ಚೆಂದ.) ಅವನ್ನು ಬೆಳೆಸಿ, ಅವುಗಳಿಗೆ ಬ್ಯಾಕ್ಟೀರಿಯಾದ ಒಂದು ಚೂರನ್ನು ತೋರಿಸಬೇಕು. ಜೀವಂತ ಬ್ಯಾಕ್ಟೀರಿಯಾ ಅಲ್ಲ, ಅದರ ಹೊರಗಿನ ಅಂಗಿಯ ಒಂದು ಎಳೆ. ಆಮೇಲೆ ಕೋಶಗಳು ಏನು ಕೂಗುತ್ತವೆ, ಎಷ್ಟು ಜೋರಾಗಿ ಕೂಗುತ್ತವೆ ಎಂದು ಅಳೆಯಬೇಕು. ಕೋಶಗಳು ಕೂಗುವುದು ರಾಸಾಯನಿಕಗಳಲ್ಲಿ: ಐಎಲ್-6, ಐಎಲ್-8, ಟಿಎನ್‌ಎಫ್ ಇತ್ಯಾದಿ.

ಗ್ರಾಫ್ ಬಂತು. ಹೋಲಿಕೆಗೆಂದು ಇಟ್ಟಿದ್ದ ರಕ್ತದ ಬಿಳಿಕೋಶಗಳ ಕಂಬಗಳು ತೆರೆಯ ತುದಿ ಮುಟ್ಟಿದ್ದವು. ಹೊಕ್ಕುಳಬಳ್ಳಿಯ ಕೋಶಗಳ ಕಂಬಗಳು ನೆಲ ಬಿಟ್ಟು ಏಳಲೇ ಇಲ್ಲವೇನೋ ಎಂಬಂತೆ ಕೂತಿದ್ದವು.

"ಎಷ್ಟ್ ಶಾಂತ ಅದಾವಲ್ಲವ್ವಾ ಇವು!" ಅಂದೆ. ನಿಜಕ್ಕೂ ಮೆಚ್ಚಿ ಅಂದೆ. ಊರೆಲ್ಲ ಹೊಯ್ಕೊಳ್ಳುವಾಗ ಸುಮ್ಮನೆ ಕೂತಿರುವ ಹಿರಿಯರಂತೆ ಕಂಡವು ಅವು ನನಗೆ.

ತಂಗಿ ನಗಲಿಲ್ಲ. "ಅಣ್ಣಾ, ಸುಮ್ನ ಅದಾವ ಅನ್ನೋದಷ್ಟ ಗೊತ್ತು. ಯಾಕ ಸುಮ್ನ ಅದಾವ ಅನ್ನೋದು ಈ ಗ್ರಾಫಿನಾಗ ಇಲ್ಲ. ಕೇಳಿಸೇ ಇಲ್ಲೋ, ಕೇಳಿಸಿದ ಮ್ಯಾಲೂ ಸುಮ್ನ ಅದಾವೋ?"

ಆ ಮಾತು ಅವಳ ಪಾಲಿಗೆ ಮುಂದಿನ ಪ್ರಯೋಗದ ಟಿಪ್ಪಣಿ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಎಂಬುದನ್ನು ಹೇಳುವ ಮೊದಲು ಆ ಬ್ಯಾಕ್ಟೀರಿಯಾದ ಎಳೆಯ ಕತೆ ಹೇಳಬೇಕು, ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ.

1892ರಲ್ಲಿ ಬರ್ಲಿನ್ನಿನಲ್ಲಿ, ರಾಬರ್ಟ್ ಕಾಖ್‌ನ ಬಳಿ ಕೆಲಸ ಮಾಡುತ್ತಿದ್ದ ರಿಚರ್ಡ್ ಫೈಫರ್, ಕಾಲರಾ ಬ್ಯಾಕ್ಟೀರಿಯಾವನ್ನು ಕಾಯಿಸಿ ಕೊಂದು ಗಿನಿಯಿಲಿಗಳಿಗೆ ಚುಚ್ಚಿದ. ಸತ್ತ ಬ್ಯಾಕ್ಟೀರಿಯಾ ಏನು ಮಾಡೀತು? ಇಲಿಗಳು ಸತ್ತವು. ಬ್ಯಾಕ್ಟೀರಿಯಾದ ಒಳಗೇ ಕಾಯಿಸಿದರೂ ಸಾಯದ ವಿಷ ಇದೆ ಎಂದು ಅವನು ತರ್ಕಿಸಿ ಅದಕ್ಕೆ 'ಎಂಡೋಟಾಕ್ಸಿನ್', ಒಳವಿಷ, ಎಂದು ಹೆಸರಿಟ್ಟ. ಅದು ಕೆಲವು ಬಗೆಯ ಬ್ಯಾಕ್ಟೀರಿಯಾಗಳ ಹೊರಪೊರೆಯ ಕೊಬ್ಬು-ಸಕ್ಕರೆಯ ಅಣು ಎಂಬುದು ಆಮೇಲೆ ತಿಳಿಯಿತು. ಇವತ್ತು ಅದನ್ನು ಎಲ್‌ಪಿಎಸ್ ಅನ್ನುತ್ತಾರೆ. ಆರೋಗ್ಯವಂತ ಮನುಷ್ಯನಿಗೆ ಅವನ ತೂಕದ ಪ್ರತಿ ಕಿಲೋಗೆ 2ರಿಂದ 4 ನ್ಯಾನೊಗ್ರಾಂ ಕೊಟ್ಟರೆ ಸಾಕು, ಚಳಿ ಜ್ವರ ಬರುತ್ತದೆ. ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು.

ವಿಚಿತ್ರ ಏನೆಂದರೆ, ಅದು ವಿಷವೇ ಅಲ್ಲ. ವಿಷವೆಂದರೆ ತಾನೇ ಹೋಗಿ ಏನನ್ನಾದರೂ ಕೆಡಿಸಬೇಕು. ಎಲ್‌ಪಿಎಸ್ ಯಾವುದನ್ನೂ ಕೆಡಿಸುವುದಿಲ್ಲ. ಅದು ಬರೀ ಸುದ್ದಿ. 'ಬ್ಯಾಕ್ಟೀರಿಯಾ ಬಂದಿದೆ' ಎಂಬ ಸುದ್ದಿ ಕೇಳಿ ನಮ್ಮ ದೇಹ ಏನು ಮಾಡುತ್ತದೋ ಅದೇ ನಮ್ಮನ್ನು ಕೊಲ್ಲುವುದು. ಸೆಪ್ಸಿಸ್ ಎನ್ನುವ ಭಯಾನಕ ಸ್ಥಿತಿಯಲ್ಲಿ ರಕ್ತದೊತ್ತಡ ಕುಸಿದು ಅಂಗಾಂಗಗಳು ಸೋಲುವುದಕ್ಕೆ ಬಹುಮಟ್ಟಿಗೆ ನಮ್ಮ ಸ್ವಂತ ಸೈನ್ಯದ ಆವೇಶವೇ ಕಾರಣ. ಅಮೆರಿಕದ ವೈದ್ಯ-ಲೇಖಕ ಲೂಯಿಸ್ ಥಾಮಸ್ 1970ರ ದಶಕದಲ್ಲೇ ಇದನ್ನು ಸೊಗಸಾಗಿ ಬರೆದಿದ್ದ.

ಇಷ್ಟು ಓದಿದಾಗ ನನಗೆ ಬಹಳ ಸಮಾಧಾನವಾಗಿತ್ತು. ನೋಡಿದಿರಾ, ಪ್ರತಿಕ್ರಿಯೆಯೇ ರೋಗ, ಸುಮ್ಮನಿರುವುದೇ ಆರೋಗ್ಯ. ತಾಳ್ಮೆಯನ್ನು ಹಾಡಿ ಹೊಗಳಿದ ನಮ್ಮ ದಾಸರಿಗೂ, ಆಮೆಯಂತೆ ಇಂದ್ರಿಯಗಳನ್ನು ಒಳಗೆಳೆದುಕೊಳ್ಳುವ ಗೀತೆಯ ಸ್ಥಿತಪ್ರಜ್ಞನಿಗೂ ಪ್ರಯೋಗಾಲಯದಿಂದ ಸರ್ಟಿಫಿಕೇಟು ಸಿಕ್ಕಂತಾಯಿತು ಎಂದುಕೊಂಡೆ. ಅಷ್ಟರಲ್ಲಿ ತಂಗಿ ಒಂದು ಇಲಿಯ ಕತೆ ಹೇಳಿದಳು.

ಸಿ3ಎಚ್/ಎಚ್‌ಇಜೆ ಎಂಬ ಹೆಸರಿನ ಇಲಿಯ ತಳಿಯೊಂದಿದೆ. ಬೇರೆ ಇಲಿಗಳನ್ನು ಕೊಲ್ಲುವುದಕ್ಕಿಂತ ಎಷ್ಟೋ ಪಟ್ಟು ಎಲ್‌ಪಿಎಸ್ ಚುಚ್ಚಿದರೂ ಇದಕ್ಕೆ ಏನೂ ಆಗುವುದಿಲ್ಲ. ತಿಂದುಂಡು ಆರಾಮಾಗಿ ಓಡಾಡುತ್ತದೆ. 1960ರ ದಶಕದಿಂದ ಇದು ವಿಜ್ಞಾನಿಗಳಿಗೆ ಒಗಟಾಗಿತ್ತು. ಡಲ್ಲಾಸ್‌ನ ಬ್ರೂಸ್ ಬಾಯ್ಟ್ಲರ್ ವರ್ಷಗಟ್ಟಲೆ ಹುಡುಕಿ 1998ರಲ್ಲಿ ಕಾರಣ ಹಿಡಿದ: ಆ ಇಲಿಯ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಾಗಿದೆ. ಟಿಎಲ್‌ಆರ್4 ಎಂಬ ಆ ಜೀನು ಎಲ್‌ಪಿಎಸ್ ಸುದ್ದಿಯನ್ನು ಕೇಳುವ ಕಿವಿ. ಇಲಿ ಶಾಂತವಾಗಿರಲಿಲ್ಲ, ಕಿವುಡಾಗಿತ್ತು. ಈ ಕೆಲಸಕ್ಕೆ 2011ರಲ್ಲಿ ಬಾಯ್ಟ್ಲರ್‌ಗೆ ನೊಬೆಲ್ ಪಾಲು ಸಿಕ್ಕಿತು.

ಇನ್ನು ಅದೇ ಇಲಿಗೆ ಬರೀ ಸುದ್ದಿಯ ಬದಲು ನಿಜವಾದ ಬ್ಯಾಕ್ಟೀರಿಯಾ, ಜೀವಂತ ಸಾಲ್ಮೊನೆಲ್ಲಾ, ಕೊಟ್ಟರೆ? ಬೇರೆ ಇಲಿಗಳು ಹೋರಾಡಿ ಗೆಲ್ಲುವಷ್ಟು ಸಣ್ಣ ಸಂಖ್ಯೆಗೇ ಇದು ಸಾಯುತ್ತದೆ. ಗದ್ದಲದಿಂದ ಬಚಾವಾದ ಇಲಿ ಕಳ್ಳನಿಂದ ಬಚಾವಾಗಲಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಈ ಇಲಿ.

2019ರಲ್ಲಿ ನಾನು ನೋಡಿಕೊಳ್ಳುತ್ತಿದ್ದ ಒಂದು ಪ್ರಾಜೆಕ್ಟಿನಲ್ಲಿ, ಶುಕ್ರವಾರ ಸಂಜೆ ಹೊಸ ಆವೃತ್ತಿ ಹಾಕಿದ ಮೇಲೆ ಮಧ್ಯರಾತ್ರಿ ಎಲ್ಲ ನಿಂತುಹೋಯಿತು. ಗ್ರಾಹಕರ ವ್ಯವಹಾರ ಐದು ತಾಸು ಬಂದ್. ಬದಲಾವಣೆ ಹಾಕಿದವನು ನನ್ನ ತಂಡದ ಇಪ್ಪತ್ನಾಲ್ಕರ ಹುಡುಗ, ಸಾತಾರಾ ಕಡೆಯವನು. ಅವನು ಹಿಂದಿನ ದಿನ ನನ್ನ ಬಳಿ ಬಂದು, ಪೂರ್ತಿ ಡೇಟಾ ಇಟ್ಟು ಒಮ್ಮೆ ಪರೀಕ್ಷೆ ಮಾಡಲು ಇನ್ನೆರಡು ದಿನ ಬೇಕು ಎಂದು ಕೇಳಿದ್ದ. ಆಗುವುದಿಲ್ಲ ಎಂದಿದ್ದೆ. ಶುಕ್ರವಾರ ಮಧ್ಯಾಹ್ನ ಅವನ ಕೋಡಿಗೆ ಒಪ್ಪಿಗೆ ಕೊಟ್ಟದ್ದೂ ನಾನೇ, ಸಿಗ್ನಲ್ಲಿನಲ್ಲಿ ಕಾರು ನಿಂತಿದ್ದಾಗ ಮೊಬೈಲಿನಲ್ಲಿ, ತೆರೆದು ನೋಡದೆ.

ಬೆಳಗಿನ ಮೂರು ಗಂಟೆಯ ಕಾಲ್‌ನಲ್ಲಿ ನಲವತ್ತು ಜನ ಇದ್ದರು. ಮೇಲಿನವರೊಬ್ಬರು ಕೇಳಿದರು, ಇದನ್ನು ಹಾಕಿದವರು ಯಾರು? ಯಾರೋ ಹುಡುಗನ ಹೆಸರು ಹೇಳಿದರು. ಅವನು ಮರಾಠಿ ಬೆರೆತ ಇಂಗ್ಲಿಷಿನಲ್ಲಿ ತಡವರಿಸಿ ಕ್ಷಮೆ ಕೇಳಿದ. ಪರೀಕ್ಷೆಗೆ ಸಮಯ ಕೇಳಿದ್ದೆ ಎಂದು ಅವನು ಹೇಳಲಿಲ್ಲ. ನನ್ನ ಹೆಸರು ಬರಬಾರದೆಂದು ಹೇಳಲಿಲ್ಲವೋ, ಹೆದರಿ ಹೇಳಲಿಲ್ಲವೋ. ನನ್ನ ಬೆರಳು ಮ್ಯೂಟ್ ಗುಂಡಿಯ ಮೇಲಿತ್ತು. ಅದನ್ನು ಒತ್ತಲಿಲ್ಲ.

ತಿಂಗಳೊಳಗೆ ಹುಡುಗನನ್ನು ಪ್ರಾಜೆಕ್ಟಿನಿಂದ ಬಿಡಿಸಿದರು. ನಮ್ಮ ಭಾಷೆಯಲ್ಲಿ 'ಬೆಂಚಿಗೆ' ಕಳಿಸಿದರು. ಎರಡು ತಿಂಗಳಲ್ಲಿ ಕೆಲಸವನ್ನೇ ಬಿಟ್ಟ. ಆ ವರ್ಷದ ನನ್ನ ಮೌಲ್ಯಮಾಪನದಲ್ಲಿ, ಬಿಕ್ಕಟ್ಟಿನ ರಾತ್ರಿ ನಾನು ಎಷ್ಟು ಶಾಂತವಾಗಿದ್ದೆ ಎಂಬ ಬಗ್ಗೆ ಒಂದು ಮೆಚ್ಚುಗೆಯ ಸಾಲಿತ್ತು. ಗ್ರಾಫ್ ನೋಡಿ ನಾನು ಕೋಶಗಳನ್ನು ಮೆಚ್ಚಿದ ಹಾಗೆಯೇ. ಕಂಬ ಏಳಲಿಲ್ಲ, ಆದ್ದರಿಂದ ಒಳ್ಳೆಯವನು.

ಇಷ್ಟು ವರ್ಷ ನಾನೂ ಅದನ್ನು ಹಾಗೆಯೇ ಓದಿಕೊಂಡಿದ್ದೆ. ಕೆಟ್ಟ ಗಳಿಗೆಯಲ್ಲಿ ಕೂಗಾಡುವುದಿಲ್ಲ ನಾನು, ಅಪ್ಪನಿಂದ ಬಂದ ಸ್ವಭಾವ ಎಂದು.

ಹಾಗಾದರೆ ಮೂಲ ಪ್ರಶ್ನೆ: ಸುಮ್ಮನಿರುವುದರಲ್ಲಿ ಬಗೆಗಳಿವೆಯೇ? ಇದ್ದರೆ ಹೊರಗಿನಿಂದ ನೋಡಿ ಹೇಗೆ ಬೇರ್ಪಡಿಸುವುದು? ನೀತಿಯ ಪ್ರಶ್ನೆಗೆ ಕೋಶಗಳ ಬಳಿ ಉತ್ತರ ಕೇಳುವುದು ತಪ್ಪು, ಗೊತ್ತು. ಪ್ರಕೃತಿ ಹೀಗಿದೆ, ಆದ್ದರಿಂದ ನಾವು ಹೀಗಿರಬೇಕು ಎನ್ನುವವರನ್ನು ಕಂಡರೆ ನನಗೂ ಆಗುವುದಿಲ್ಲ. ಪ್ರಕೃತಿಯಲ್ಲಿ ಹುಡುಕಿದರೆ ಯಾವ ಕೆಲಸಕ್ಕಾದರೂ ಒಂದು ದೃಷ್ಟಾಂತ ಸಿಕ್ಕೀತು. ನನಗೆ ಬೇಕಾದದ್ದು ಉತ್ತರವಲ್ಲ, ಅಳೆಯುವ ವಿಧಾನ. ಒಂದೇ ಥರ ಕಾಣುವ ಎರಡು ಮೌನಗಳನ್ನು ತಂಗಿಯಂಥವರು ಹೇಗೆ ಬೇರ್ಪಡಿಸುತ್ತಾರೆ ಎಂಬುದು.

ಮೊದಲು ಅವರು ನೋಡುವುದು ಕಿವಿ ಇದೆಯೇ ಎಂದು. ಮೂಳೆಮಜ್ಜೆಯಿಂದ, ಕೊಬ್ಬಿನಿಂದ, ಹೊಕ್ಕುಳಬಳ್ಳಿಯಿಂದ ತೆಗೆದ ಇಂಥ ಆಕರಕೋಶಗಳನ್ನು ಪಕ್ಕಪಕ್ಕ ಇಟ್ಟರೆ ಅವು ಒಂದೇ ಥರ ಕೇಳಿಸಿಕೊಳ್ಳುವುದಿಲ್ಲ. ಹೊಕ್ಕುಳಬಳ್ಳಿಯ ಜೆಲ್ಲಿಯ ಕೋಶಗಳಲ್ಲಿ ಟಿಎಲ್‌ಆರ್4 ಬಹಳ ಕಡಿಮೆ. ಕೆಲವು ಪ್ರಯೋಗಾಲಯಗಳಿಗೆ ಅದು ಕಂಡೇ ಇಲ್ಲ, ಕೆಲವಕ್ಕೆ ಕಂಡಿದೆ. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಎಲ್‌ಪಿಎಸ್ ಅನ್ನು ಹಿಡಿದು ಟಿಎಲ್‌ಆರ್4ಗೆ ದಾಟಿಸಲು ಸಿಡಿ14 ಎಂಬ ಇನ್ನೊಂದು ಪ್ರೋಟೀನ್ ಬೇಕು. ಈ ಜಾತಿಯ ಆಕರಕೋಶಗಳ ಮೈಮೇಲೆ ಅದು ಇರುವುದಿಲ್ಲ. ಇಲ್ಲದಿರುವುದೇ ಅವುಗಳನ್ನು ಗುರುತಿಸುವ ಲಕ್ಷಣಗಳಲ್ಲಿ ಒಂದು ಎಂದು 2006ರಲ್ಲಿ ಆ ಕ್ಷೇತ್ರದವರು ಸೇರಿ ನಿಯಮ ಮಾಡಿಕೊಂಡರು. ಆದರೆ ರಕ್ತದ ದ್ರವದಲ್ಲಿ ಸಿಡಿ14 ಕರಗಿ ತೇಲುತ್ತಿರುತ್ತದೆ, ಅದನ್ನು ಕಡ ತೆಗೆದುಕೊಂಡು ಕೋಶ ಕೇಳಿಸಿಕೊಳ್ಳಬಹುದು. ಅಂದರೆ ತಟ್ಟೆಯಲ್ಲಿ ಯಾವ ದ್ರವ ಹಾಕಿದ್ದೀರಿ ಎಂಬುದರ ಮೇಲೂ ಕೋಶದ ಕಿವಿ ನಿಂತಿದೆ. ಒಂಟಿಯಾಗಿ ಇಟ್ಟ ಕೋಶ ಕಿವುಡು ಎನಿಸಬಹುದು, ನೆರೆಹೊರೆಯಲ್ಲಿ ಇಟ್ಟರೆ ಕೇಳಿಸೀತು.

ಎರಡನೆಯದಾಗಿ, ಗದ್ದಲ ಎಷ್ಟು ಎಂಬುದನ್ನು ಬಿಟ್ಟು, ಕೋಶ ಬೇರೆ ಏನಾದರೂ ಮಾಡುತ್ತಿದೆಯೇ ಎಂದು ನೋಡುತ್ತಾರೆ. ಇದಕ್ಕೆ ಅತ್ಯುತ್ತಮ ಉದಾಹರಣೆ ಹೊಕ್ಕುಳಬಳ್ಳಿಯದಲ್ಲ, ಮೂಳೆಮಜ್ಜೆಯ ಕೋಶಗಳದು. 2009ರಲ್ಲಿ ಪ್ರಕಟವಾದ ಪ್ರಯೋಗ. ಇಲಿಗಳ ಕರುಳಿಗೆ ರಂಧ್ರ ಮಾಡಿ ಸೆಪ್ಸಿಸ್ ತರಿಸಿ, ಅವಕ್ಕೆ ಮಜ್ಜೆಯ ಆಕರಕೋಶಗಳನ್ನು ಕೊಟ್ಟರು. ಹೆಚ್ಚು ಇಲಿಗಳು ಬದುಕಿದವು. ಆ ಕೋಶಗಳು ಬ್ಯಾಕ್ಟೀರಿಯಾದ ಸುದ್ದಿ ಕೇಳಿ ತಾವು ರೊಚ್ಚಿಗೇಳುವ ಬದಲು ಪಿಜಿಇ2 ಎಂಬ ಸಣ್ಣ ಅಣುವನ್ನು ಸ್ರವಿಸಿದ್ದವು. ರೊಚ್ಚಿಗೆದ್ದಿದ್ದ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳಿಗೆ ಅದು ತಲುಪಿದಾಗ, ಅವು ಐಎಲ್-10 ಎಂಬ ತಣಿಸುವ ಸಂದೇಶ ಹೊರಡಿಸಿದವು. ಸಂಶೋಧಕರು ಅಷ್ಟಕ್ಕೆ ಬಿಡಲಿಲ್ಲ. ಟಿಎಲ್‌ಆರ್4 ಇಲ್ಲದ ಇಲಿಗಳಿಂದ ಕೋಶ ತೆಗೆದು ಕೊಟ್ಟು ನೋಡಿದರು. ಅವು ಯಾರನ್ನೂ ಉಳಿಸಲಿಲ್ಲ.

ಇದನ್ನು ಮೂರು ಸಲ ಓದಿಕೊಂಡೆ. ತಣಿಸುವ ಕೋಶಕ್ಕೂ ಅದೇ ಕಿವಿ ಬೇಕು. ಕಿರುಚುವ ಕೋಶ ಯಾವ ಕಿವಿಯಿಂದ ಕೇಳುತ್ತದೋ ಅದೇ ಕಿವಿಯಿಂದ, ಅದೇ ಕೆಟ್ಟ ಸುದ್ದಿಯನ್ನು, ಇದೂ ಕೇಳಬೇಕು. ಕೇಳಿದ ಮೇಲೆ ಬೇರೆ ಕೆಲಸಕ್ಕೆ ಹೊರಡಬೇಕು. ಕಿವುಡು ಕೋಶ ಗ್ರಾಫಿನಲ್ಲಿ ಇನ್ನೂ ಶಾಂತವಾಗಿ ಕಂಡೀತು, ಆದರೆ ಪಕ್ಕದವನಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ.

ಅಂದಮೇಲೆ ಪಿಜಿಇ2 ಎಂದರೆ ಶಾಂತಿಯ ಅಣು ಎಂದುಕೊಳ್ಳಬೇಡಿ. ಅದು ನಮ್ಮ ಮನೆಗೆ ಬೇರೆ ವೇಷದಲ್ಲಿ ಬಂದಿತ್ತು. 2013ರಲ್ಲಿ ನನ್ನ ಹೆಂಡತಿಗೆ ಮೂವತ್ತನಾಲ್ಕನೆಯ ವಾರದಲ್ಲೇ ನೀರು ಒಡೆಯಿತು, ಜ್ವರ ಬಂತು, ಸೋಂಕು ಗರ್ಭಚೀಲದ ಪೊರೆಗೆ ಏರಿದೆ ಎಂದರು. ಆ್ಯಂಟಿಬಯಾಟಿಕ್ ಹಚ್ಚಿದರು, ಆ ರಾತ್ರಿಯೇ ಹೆರಿಗೆ ಆಯಿತು. ಅದರ ಹಿಂದಿನ ಯಂತ್ರ ನನಗೆ ತಿಳಿದದ್ದು ಈಗ. ಮಾಸಿನ, ಪೊರೆಯ ಕೋಶಗಳು ಬ್ಯಾಕ್ಟೀರಿಯಾದ ಸುದ್ದಿ ಕೇಳಿ ಕೂಗಿದಾಗ ಅದೇ ಪಿಜಿಇ2 ಹೆಚ್ಚಾಗಿ ಗರ್ಭದ ಕಂಠ ಮೆತ್ತಗಾಗುತ್ತದೆ, ನೋವು ಶುರುವಾಗುತ್ತದೆ. ಹೆರಿಗೆ ತಡವಾದರೆ ಆಸ್ಪತ್ರೆಯಲ್ಲಿ ಹಚ್ಚುವ ಜೆಲ್‌ನಲ್ಲಿರುವುದೂ ಅದೇ. ತಾಯಿಯ ಮೆದುಳಿನಲ್ಲಿ ಜ್ವರ ಏರಿಸುವುದೂ ಅದೇ. ಒಂದು ಕಡೆ ತಣಿಸುವ ಮಾತು ಇನ್ನೊಂದು ಕಡೆ 'ಹೊರಡು, ಈ ಮನೆಗೆ ಬೆಂಕಿ ಬಿದ್ದಿದೆ' ಎನ್ನುವ ಮಾತಾಗುತ್ತದೆ. ಅವತ್ತು ಆ ಪೊರೆಯ ಕೋಶಗಳು ನಾನು ಮೆಚ್ಚಿಕೊಂಡ ಹಾಗೆ ಶಾಂತವಾಗಿ ಕೂತಿದ್ದರೆ ಮಗಳು ಒಳಗೇ ಉಳಿಯುತ್ತಿದ್ದಳು, ಸೋಂಕಿನ ಜೊತೆಗೆ. ಆಕೆಗೀಗ ಹನ್ನೆರಡು. ಪಕ್ಕದ ಕೋಣೆಯಲ್ಲಿ ಕೀಬೋರ್ಡು ಕುಟ್ಟುತ್ತಿದ್ದಾಳೆ.

(ಅದೇ ಆಸ್ಪತ್ರೆಯ ಹೊರಗೆ ಹೊಕ್ಕುಳಬಳ್ಳಿಯ ರಕ್ತ ಕೂಡಿಡುವ ಬ್ಯಾಂಕಿನವನೊಬ್ಬ ಕರಪತ್ರ ಹಿಡಿದು ನಿಂತಿದ್ದ. ಮಗುವಿನ ಜೀವನಪೂರ್ತಿ ವಿಮೆ ಎಂದ. ಮಗಳು ಗಾಜಿನ ಪೆಟ್ಟಿಗೆಯಲ್ಲಿರುವಾಗ ಯಾವ ಅಪ್ಪ ಬೇಡ ಅಂದಾನು? ದುಡ್ಡಿಲ್ಲದ್ದಕ್ಕೆ ಬಿಟ್ಟೆ. ಮಗುವಿಗೆ ರಕ್ತದ ಕ್ಯಾನ್ಸರ್ ಬಂದರೆ ಅದರದೇ ಹೊಕ್ಕುಳ ರಕ್ತದಲ್ಲಿ ಅದೇ ದೋಷ ಮೊದಲೇ ಇರಬಹುದು, ಹಾಗಾಗಿ ಅದು ಬಹುಮಟ್ಟಿಗೆ ಕೆಲಸಕ್ಕೆ ಬರುವುದಿಲ್ಲ ಎಂಬುದು ಕರಪತ್ರದಲ್ಲಿ ಇರಲಿಲ್ಲ. 2018ರಲ್ಲಿ ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೇ ಇದನ್ನು ವಿಮೆ ಎಂದು ಮಾರುವುದನ್ನು ವಿರೋಧಿಸಿ ಹೇಳಿಕೆ ಕೊಟ್ಟಿತು. ಬಳ್ಳಿಯ ತುಂಡನ್ನೇ ಬ್ಯಾಂಕಿನಲ್ಲಿಡುವ ವ್ಯಾಪಾರಕ್ಕೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಅನುಮತಿಯೇ ಇಲ್ಲ.)

ನಾನು ಈ ವಿಚಾರ ಹೇಳಿದಾಗ ಹೆಂಡತಿ ಒಂದು ಮಾತಂದಳು. "ಆಗೂ ನೀವು ಸುಮ್ನ ಇದ್ರಿ. ಅಳಲಿಲ್ಲ, ಯಾರ ಮ್ಯಾಲೂ ಒದರಲಿಲ್ಲ. ಆದ್ರ ಹನ್ನೊಂದು ದಿನ ಎರಡು ತಾಸಿಗೊಮ್ಮೆ ನನ್ನ ಹಾಲು ತೊಗೊಂಡು ಮೂರನೇ ಮಾಳಿಗಿ ಹತ್ತತಿದ್ರಿ." ಆ ಹುಡುಗನ ಸಂಗತಿ ಅವಳಿಗೆ ಗೊತ್ತು. ಅದರ ಬಗ್ಗೆ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮೂರನೆಯ ಬಗೆಯ ಮೌನವೂ ಒಂದಿದೆ, ನಮ್ಮ ಕಸುಬಿನವರಿಗೆ ಚಿರಪರಿಚಿತ. 1946ರಲ್ಲಿ ಪಾಲ್ ಬೀಸನ್ ಎಂಬ ವೈದ್ಯ ಮೊಲಗಳಿಗೆ ಟೈಫಾಯ್ಡ್ ಲಸಿಕೆಯನ್ನು ದಿನವೂ ಚುಚ್ಚಿದ. ಮೊದಮೊದಲು ಸಿಕ್ಕಾಪಟ್ಟೆ ಜ್ವರ, ಬರಬರುತ್ತ ಜ್ವರವೇ ಇಲ್ಲ. ಕಿವಿ ಇದೆ, ಕೇಳಿಸುತ್ತದೆ, ಆದರೆ ಕೇಳಿ ಕೇಳಿ ಮರಗಟ್ಟಿದೆ. ಸೆಪ್ಸಿಸ್‌ನ ಮೊದಲ ಬಿರುಗಾಳಿ ದಾಟಿದ ರೋಗಿಗಳು ಇಂಥದೇ ಮರಗಟ್ಟಿದ ಸ್ಥಿತಿಗೆ ಜಾರಿ, ಎರಡನೆಯ ಯಾವುದೋ ಸಣ್ಣ ಸೋಂಕಿಗೆ ಬಲಿಯಾಗುವುದುಂಟು. ರಾತ್ರಿ ನೂರು ಸುಳ್ಳು ಅಲಾರಂ ಬಾರಿಸುವ ಸರ್ವರ್ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ನಗರಗಳಲ್ಲಿ ಇಪ್ಪತ್ತು ವರ್ಷ ಕಳೆದವರಿಗೂ ಬೇಕಾಗಿಲ್ಲ. ಸಿಗ್ನಲ್ಲಿನಲ್ಲಿ ಗಾಜು ತಟ್ಟುವ ಮಗುವಿನ ಕೈ ಮೊದಲ ವರ್ಷ ಕಂಡ ಹಾಗೆ ಈಗ ಕಾಣುತ್ತದೆಯೇ?

ಇದೆಲ್ಲ ಹೊಸ ತಿಳಿವಳಿಕೆ ಎಂದು ಬೀಗುತ್ತಿದ್ದೆ. ಬಳಗದ ಒಬ್ಬ ಹಿರಿಯರು, ನಿವೃತ್ತ ಪಾಲಿ ಅಧ್ಯಾಪಕರು, ತಣ್ಣಗೆ ನೀರೆರಚಿದರು. ಐದನೆಯ ಶತಮಾನದಲ್ಲೇ ಸಿಂಹಳದ ಅನುರಾಧಪುರದಲ್ಲಿ ಕೂತು ಬುದ್ಧಘೋಷ 'ವಿಸುದ್ಧಿಮಗ್ಗ'ದಲ್ಲಿ ಇದನ್ನು ಬರೆದಿಟ್ಟಿದ್ದಾನಂತೆ. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಈ ನಾಲ್ಕಕ್ಕೂ ಅವನು ಎರಡೆರಡು ಶತ್ರುಗಳನ್ನು ಹೇಳುತ್ತಾನೆ: ದೂರದ ಶತ್ರು, ಹತ್ತಿರದ ಶತ್ರು. ಉಪೇಕ್ಷೆ ಎಂದರೆ ಅಲ್ಲಿ ನಮ್ಮ ಆಡುಮಾತಿನ ತಿರಸ್ಕಾರ ಅಲ್ಲ, ಸಮಚಿತ್ತ. ಅದರ ದೂರದ ಶತ್ರು ರಾಗದ್ವೇಷ, ಅದನ್ನು ಯಾರೂ ಗುರುತಿಸುತ್ತಾರೆ. ಹತ್ತಿರದ ಶತ್ರು ಮಾತ್ರ ನೋಡಲು ಥೇಟ್ ಸಮಚಿತ್ತದಂತೆಯೇ ಇರುತ್ತದೆ: ಏನೂ ಅರಿಯದ್ದರಿಂದ ಬರುವ ನಿರ್ಲಿಪ್ತತೆ. ಸಿ3ಎಚ್/ಎಚ್‌ಇಜೆ ಇಲಿ! ನಾನು ಇಲಿಯ ಕತೆ ಹೇಳಿದಾಗ ಮಾಸ್ತರು ಮಗುವಿನಂತೆ ಚಪ್ಪಾಳೆ ತಟ್ಟಿದರು.

ಆದರೆ ಮನೆಗೆ ಬರುವ ದಾರಿಯಲ್ಲಿ ನನಗೆ ಹೊಳೆದದ್ದು ಬೇರೆ. 2019ರ ಆ ರಾತ್ರಿಯ ನನ್ನ ಮೌನ ಇವುಗಳಲ್ಲಿ ಯಾವುದು? ಕಿವುಡೇ? ಅಲ್ಲ. ಆ ಹುಡುಗ ತಡವರಿಸಿದ ಒಂದೊಂದು ಶಬ್ದವೂ ನನಗೆ ಇವತ್ತಿಗೂ ನೆನಪಿದೆ. ಮರಗಟ್ಟಿದ್ದೇ? ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಮೈಕಿಗೆ ಕೇಳೀತು ಎಂದು ಹೆದರಿದ್ದೆ. ಸಂಯಮವೇ? ಅದಾಗಿದ್ದರೆ ಆಮೇಲೆ ಏನಾದರೂ ಸ್ರವಿಸಬೇಕಿತ್ತು. ಮರುದಿನ ಒಂದು ಮೇಲ್, ಮೇಲಿನವರ ಕೋಣೆಗೆ ಹೋಗಿ ಎರಡು ಮಾತು. ಏನೂ ಇಲ್ಲ. ಬುದ್ಧಘೋಷನ ಹತ್ತಿರದ ಶತ್ರುವಿನ ಹೆಸರೂ ಅದಕ್ಕೆ ಒಪ್ಪುವುದಿಲ್ಲ, ಯಾಕೆಂದರೆ ನಾನು ಅರಿಯದೆ ಇರಲಿಲ್ಲ.

ಕೋಶಗಳ ಮೂರೂ ಮೌನಗಳು ನಿರಪರಾಧಿಗಳು. ಕಿವಿ ಇಲ್ಲದ್ದು ಅದರ ತಪ್ಪಲ್ಲ, ದಣಿದದ್ದು ತಪ್ಪಲ್ಲ, ತಣಿಸಿದ್ದಂತೂ ತಪ್ಪೇ ಅಲ್ಲ. ಪೂರ್ತಿ ಕೇಳಿಸಿಕೊಂಡು, ತನ್ನ ಚರ್ಮ ಉಳಿಸಿಕೊಳ್ಳಲು ಸುಮ್ಮನಿದ್ದು, ಆಮೇಲೆ ಅದಕ್ಕೆ ತಾಳ್ಮೆ ಎಂದು ಹೆಸರಿಡುವ ಕೋಶ ಯಾವ ತಟ್ಟೆಯಲ್ಲೂ ಬೆಳೆಯುವುದಿಲ್ಲ. ಕೋಶದಿಂದ ಕಲಿಯಲು ಹೋದವನು ಇಲ್ಲಿಗೆ ಬಂದು ನಿಂತೆ. ಮುಂದಕ್ಕೆ ಹೋಲಿಕೆ ನಡೆಯುವುದಿಲ್ಲ.

ಇದನ್ನು ತಂಗಿಗೆ ಹೇಳಿದೆ, ಹುಡುಗನ ಕತೆ ಸಮೇತ. ಅವಳಿಗೆ ಅಣ್ಣನ ಬಗ್ಗೆ ಮೊದಲಿನ ಗೌರವ ಉಳಿಯುತ್ತದೋ ಇಲ್ಲವೋ ಎಂಬ ಅಳುಕು ಇತ್ತು. ಅವಳು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತು, "ಅಣ್ಣಾ, ನಾವು ಒಂದ ಸಲ ಅಳದು ಬಿಡೂದಿಲ್ಲ. ಆರು ತಾಸಿಗೆ ನೋಡತೀವಿ, ಇಪ್ಪತ್ನಾಲ್ಕಕ್ಕ ನೋಡತೀವಿ, ಎರಡು ದಿನಕ್ಕ ನೋಡತೀವಿ. ಕೆಲವು ತಡಾ ಮಾಡಿ ಉತ್ತರ ಕೊಡತಾವ" ಅಂದಳು. ಅದು ನನ್ನನ್ನು ಸಮಾಧಾನಿಸಲು ಹೇಳಿದ್ದೋ, ಬರೀ ಪ್ರಯೋಗದ ವಿಷಯವೋ, ಕೇಳಲಿಲ್ಲ.

ಹೋದ ತಿಂಗಳು ಹುಡುಗನ ನಂಬರು ಹುಡುಕಿ ಫೋನ್ ಮಾಡಿದೆ. ಈಗ ಚೆನ್ನೈಯಲ್ಲಿದ್ದಾನೆ, ಬೇರೆ ಕಂಪನಿ, ನನಗಿಂತ ಒಳ್ಳೆಯ ಹುದ್ದೆ ಇರಬೇಕು ದನಿ ಕೇಳಿದರೆ. ಹಿಂದಿಯಲ್ಲಿ ಮಾತಾಡಿದೆವು. ನಾನು ತಯಾರಿ ಮಾಡಿಕೊಂಡಿದ್ದ ಮಾತುಗಳನ್ನು ಹೇಳಿದೆ: ಒಪ್ಪಿಗೆ ಕೊಟ್ಟದ್ದು ನಾನು, ನೋಡದೆ ಕೊಟ್ಟೆ, ನೀನು ಸಮಯ ಕೇಳಿದ್ದೆ, ಅವತ್ತು ನಾನು ಹೇಳಬೇಕಿತ್ತು. ಅವನು ಪೂರ್ತಿ ಕೇಳಿಸಿಕೊಂಡ. ಕಾಲ್‌ನಲ್ಲಿ ನೀವು ಮಾತಾಡುವುದಿಲ್ಲ ಎಂದು ನನಗೆ ಗೊತ್ತಿತ್ತು ಸರ್, ಅಲ್ಲಿ ಯಾರೂ ಮಾತಾಡುವುದಿಲ್ಲ, ಎಂದ. ಅವನಿಗೆ ನೆನಪಿದ್ದದ್ದು ಸೋಮವಾರ. ಅವತ್ತು ನಾನು ಎಂದಿನಂತೆ ಅವನ ಮೇಜಿನ ಬಳಿ ಹೋಗಿ, ಚಹಾಕ್ಕೆ ಕರೆದು, ಅರ್ಧ ತಾಸು ವಿಶ್ವಕಪ್ಪಿನ ಸೆಮಿಫೈನಲ್ ಬಗ್ಗೆ ಮಾತಾಡಿದೆನಂತೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಅವನು ಕಪ್ಪು ಖಾಲಿಯಾದ ಮೇಲೂ ಹಿಡಿದುಕೊಂಡು ನಿಂತಿದ್ದನಂತೆ.

ಆ ಚಹಾ ನನಗೆ ನೆನಪೇ ಇರಲಿಲ್ಲ.

ಹುಡುಗಿ ಹೇಗಿದ್ದಾಳೆ ಸರ್, ಆಗ ಎರಡನೇ ಕ್ಲಾಸಿನಲ್ಲಿದ್ದಳು ಅಲ್ಲವೇ, ಎಂದು ಕೇಳಿದ. ಕೀಬೋರ್ಡ್ ಕಲಿಯುತ್ತಿದ್ದಾಳೆ ಎಂದೆ. ಅಷ್ಟರಲ್ಲಿ ಆ ಕಡೆ ಯಾರೋ ಅವನನ್ನು ಮೀಟಿಂಗಿಗೆ ಕರೆದರು.